ಸೆನ್ಸರ್ ಹೋಗಿದೆ ಸಾಹೇಬ್ರೆ! – ಹಳೆಯ ಕಾರು, ಹಳದಿ ದೀಪ ಮತ್ತು ಒಂದಿಷ್ಟು ಇತಿಹಾಸ

ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳ ಮುಂದೆ ಹದಿನೈದು ವರ್ಷ ದಾಟಿದ ಕಾರುಗಳಿಗೇನೂ ಬರವಿಲ್ಲ. ಮಕ್ಕಳು ಓದಿ ಬೇರೆ ಊರು ಸೇರಿರುತ್ತಾರೆ. ಮನೆಯಲ್ಲಿ ಉಳಿದ ಇಬ್ಬರಿಗೆ ತರಕಾರಿ, ಆಸ್ಪತ್ರೆ, ಸಂಘದ ಯುಗಾದಿ ಕಾರ್ಯಕ್ರಮ, ಇಷ್ಟಕ್ಕೆ ಹಳೆಯ ಸ್ಯಾಂಟ್ರೋ ಅಥವಾ ವ್ಯಾಗನ್-ಆರ್ ಧಾರಾಳ ಸಾಕು. ಹೀಗಿರುವಾಗ ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಹೋದರೆ ಮಿಸ್ತ್ರಿ ಬಾನೆಟ್ ಎತ್ತಿ, ಎರಡು ಸಲ ಆಕ್ಸಿಲರೇಟರ್ ಒತ್ತಿಸಿ, "ಸೆನ್ಸರ್ ಗಯೂ, ಸಾಹೇಬ್" ಅನ್ನುತ್ತಾನೆ. ಯಾವ ಸೆನ್ಸರ್? ಯಾಕೆ ಹೋಯಿತು? ಹೋಗಿದ್ದು ಅದೇ ಅಂತ ಹೇಗೆ ಗೊತ್ತಾಯಿತು? ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಒಂದು ಹೊಸ ಸೆನ್ಸರ್ ಕೂತಿರುತ್ತದೆ. ವಾರದಲ್ಲಿ ದೀಪ ಮತ್ತೆ ಹಾಜರ್. ಆಗ ಇನ್ನೊಂದು ಸೆನ್ಸರ್. ಮೂರನೆಯದಕ್ಕೆ ಬರುವಷ್ಟರಲ್ಲಿ "ಹಳೇ ಗಾಡಿ, ಮಾರಿಬಿಡಿ" ಎಂಬ ಉಪದೇಶ.

ನಾನು ಎಂಜಿನಿಯರ್ ಅಲ್ಲ, ಲೆಕ್ಕ ಓದಿ ಬ್ಯಾಂಕು ಸೇರಿದವನು. ಆದರೆ ಈ ಸೆನ್ಸರ್ ಅನ್ನುವ ವಸ್ತುವಿನ ಹಿಂದೆ ಒಳ್ಳೆಯ ಇತಿಹಾಸವೊಂದಿದೆ. ಅದರಲ್ಲಿ ಕ್ಯಾಲಿಫೋರ್ನಿಯಾ ಇದೆ, ನಮ್ಮ ಬೆಂಗಳೂರು ಇದೆ, ನಾವಿರುವ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಇವೆ. ಆ ಇತಿಹಾಸ ಗೊತ್ತಿದ್ದರೆ ಮಿಸ್ತ್ರಿಯ ಮುಂದೆ ಸರಿಯಾದ ಪ್ರಶ್ನೆ ಕೇಳಬಹುದು. ಅದಕ್ಕೇ ಈ ಬರಹ.

ಹೊಗೆಯಿಂದ ಶುರುವಾದ ಕಥೆ

ಮೊದಲಿಗೆ ಎಂಜಿನ್ನಿಗೆ ಸೆನ್ಸರ್ ಬೇಕೇ ಇರಲಿಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಎಲ್ಲಕ್ಕೂ ಕಾರ್ಬ್ಯುರೇಟರ್. ಒಳಗೆ ನುಗ್ಗುವ ಗಾಳಿಯೇ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಕಿವಿಗೊಟ್ಟು ಕೇಳಿ, ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಅವನ ಕಿವಿಯೇ ಸೆನ್ಸರ್! ಮಿಶ್ರಣದಲ್ಲಿ ಪೆಟ್ರೋಲು ಸ್ವಲ್ಪ ಹೆಚ್ಚೋ ಕಡಿಮೆಯೋ ಆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತಲೆ ಕೆಡಿಸಿಕೊಳ್ಳುವಂತೆ ಮಾಡಿದ್ದು ಲಾಸ್ ಏಂಜಲೀಸ್ ನಗರದ ಮಬ್ಬು. ಅಲ್ಲಿನ ಜನಕ್ಕೆ ಕಣ್ಣುರಿ, ಗಂಟಲುರಿ. ಕಾರಣ ಗೊತ್ತಿರಲಿಲ್ಲ. ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಇದರ ಗುಟ್ಟು ಬಿಡಿಸಿದರು. ವಾಹನಗಳು ಮತ್ತು ತೈಲ ಕಾರ್ಖಾನೆಗಳು ಉಗುಳುವ ಸುಡದ ಇಂಧನ, ನೈಟ್ರೋಜನ್ ಆಕ್ಸೈಡು ಮತ್ತು ಬಿಸಿಲು, ಈ ಮೂರೂ ಸೇರಿ ಆ ಮಬ್ಬು ಹುಟ್ಟುತ್ತದೆ ಎಂದರು. ಮುಂದೆ 1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಕಾರಿನ ಹೊಗೆಯನ್ನು ಶೇ. 90ರಷ್ಟು ಇಳಿಸಬೇಕೆಂದು ಹೇಳಿತು. ಆಗ ಕ್ಯಾಟಲಿಟಿಕ್ ಕನ್ವರ್ಟರ್ ಬಂತು.

ಇಲ್ಲೊಂದು ಪೇಚು ಇತ್ತು. ಮೂರೂ ಬಗೆಯ ವಿಷವನ್ನು ಒಟ್ಟಿಗೆ ಕಳೆಯುವ ಕನ್ವರ್ಟರ್ ಕೆಲಸ ಮಾಡಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಇರಬೇಕು. ಅತ್ತಿತ್ತ ಸ್ವಲ್ಪ ಸರಿದರೂ ಅದು ಸೋತಿತು. ಸ್ಕ್ರೂಡ್ರೈವರ್‌ಗೂ ಕಿವಿಗೂ ದಕ್ಕುವ ನಿಖರತೆ ಇದಲ್ಲ. ಹೊಗೆಯ ಕೊಳವೆಯಲ್ಲೇ ಕೂತು ಸೆಕೆಂಡಿಗೊಮ್ಮೆ ವರದಿ ಒಪ್ಪಿಸುವ ಒಬ್ಬ ಗುಮಾಸ್ತ ಬೇಕಾಯಿತು. ಆ ಗುಮಾಸ್ತನೇ ಆಮ್ಲಜನಕದ ಸೆನ್ಸರ್. ಜರ್ಮನಿಯ ಬಾಷ್ ಕಂಪನಿ ಮಾಡಿದ ಇದು 1976ರಲ್ಲಿ ಕ್ಯಾಲಿಫೋರ್ನಿಯಾಕ್ಕೆಂದು ತಯಾರಾದ ವೋಲ್ವೊ ಕಾರುಗಳಲ್ಲಿ ಮೊದಲ ಬಾರಿಗೆ ಬಂತು. ಅದಕ್ಕೂ ಮೊದಲೇ 1967ರಲ್ಲಿ ಅದೇ ಬಾಷ್‌ನ ವಿದ್ಯುನ್ಮಾನ ಇಂಧನ ಪೂರೈಕೆ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂದಿತ್ತು. ಅದರ ಮೂಲ ಕಲ್ಪನೆ ಅಮೆರಿಕದ ಬೆಂಡಿಕ್ಸ್ ಕಂಪನಿಯದು. 1950ರ ದಶಕದ ಕೊನೆಗೆ ಅವರು ಮಾಡಿದ್ದು ಕೈಕೊಟ್ಟಿತು, ಪೇಟೆಂಟು ಬಾಷ್ ಕೈಗೆ ಬಂತು.

ಅಂದ ಹಾಗೆ ಈ ಬಾಷ್ ನಮಗೆ ಹೊಸಬರಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಇವರದೇ. ಆಡುಗೋಡಿಯ ಆ ಕಾರ್ಖಾನೆಯಿಂದ ಹೊರಬಂದ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳು ಇಡೀ ದೇಶದ ಲಾರಿ, ಟ್ರ್ಯಾಕ್ಟರುಗಳನ್ನು ಓಡಿಸಿದವು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೂ ನಮ್ಮ ತಲೆಮಾರಿನವರ ಬಾಯಲ್ಲಿ ಅದು ಮೈಕೋ, ಬಡಾವಣೆ ಮೈಕೋ ಲೇಔಟ್!

ಬಾನೆಟ್ ಕೆಳಗಿನ ಭೌತಶಾಸ್ತ್ರ

ನನಗೆ ಅಚ್ಚರಿ ತಂದ ಸಂಗತಿ ಏನೆಂದರೆ, ಸೆನ್ಸರ್‌ಗಳು ಹೊಸದಾದರೂ ಅವುಗಳ ಹಿಂದಿನ ತತ್ವ ಬಹಳ ಹಳೆಯದು. ಬಿಸಿಯಾದಂತೆ ಕೆಲವು ವಸ್ತುಗಳ ವಿದ್ಯುತ್ ರೋಧ ಇಳಿಯುತ್ತದೆ ಎಂದು ಮೈಕೆಲ್ ಫ್ಯಾರಡೆ 1833ರಲ್ಲಿ ಗಮನಿಸಿದ್ದರು. ಇವತ್ತು ಎಂಜಿನ್ನಿನ ನೀರಿನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ಅದೇ ತತ್ವದ ಮೇಲೆ ನಿಂತಿದೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕನ್ ವಿದ್ಯಾರ್ಥಿ ಕಂಡುಕೊಂಡ ಪರಿಣಾಮ ಇವತ್ತು ಕ್ಯಾಮ್ ಶಾಫ್ಟಿನ ತಿರುಗಾಟ ಎಣಿಸುತ್ತದೆ. ಕ್ಯೂರಿ ಸೋದರರು 1880ರಲ್ಲಿ, ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದರು. ಎಂಜಿನ್ನಿನ ಕಟಕಟ ಸದ್ದು ಹಿಡಿಯುವ ನಾಕ್ ಸೆನ್ಸರ್ ಅದರ ಮೊಮ್ಮಗ. ಸಿಲಿಕಾನ್ ತುಣುಕನ್ನು ಬಗ್ಗಿಸಿದರೆ ರೋಧ ಬದಲಾಗುತ್ತದೆ ಎಂದು 1954ರಲ್ಲಿ ಬೆಲ್ ಪ್ರಯೋಗಾಲಯದಿಂದ ವರದಿಯಾಯಿತು. ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಬಂದದ್ದು ಅಲ್ಲಿಂದ. ಇನ್ನು ಆಮ್ಲಜನಕದ ಸೆನ್ಸರಿನ ಜಿರ್ಕೋನಿಯಾ? ವಾಲ್ಟರ್ ನೆರ್ನ್‌ಸ್ಟ್ ಎಂಬ ಜರ್ಮನ್ ವಿಜ್ಞಾನಿ 1890ರ ದಶಕದಲ್ಲಿ ಅದನ್ನೇ ಬಳಸಿ ದೀಪ ಮಾಡಿದ್ದರು. ಒಟ್ಟಿನಲ್ಲಿ ಹೈಸ್ಕೂಲಿನ ಭೌತಶಾಸ್ತ್ರದ ಪುಸ್ತಕವೇ ಬಾನೆಟ್ ಕೆಳಗೆ ಕೂತಿದೆ ಅನ್ನಿ.

ನಮ್ಮಲ್ಲಿಗೆ ಬಂದದ್ದು

ಭಾರತಕ್ಕೆ ಸೆನ್ಸರ್ ತಂದದ್ದು ಕಾರು ಕಂಪನಿಗಳ ಉತ್ಸಾಹಕ್ಕಿಂತ ಹೆಚ್ಚಾಗಿ ಕೋರ್ಟು. 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೆ ಸೀಸರಹಿತ ಪೆಟ್ರೋಲು. (ಸೀಸ ಕನ್ವರ್ಟರಿಗೂ ವಿಷ, ಆಮ್ಲಜನಕದ ಸೆನ್ಸರಿಗೂ ವಿಷ.) ಅಹಮದಾಬಾದ್ ಆ ಪಟ್ಟಿಯಲ್ಲಿರಲಿಲ್ಲ. ದೇಶವಿಡೀ ಸೀಸರಹಿತ ಪೆಟ್ರೋಲು ಸಿಕ್ಕಿದ್ದು 2000ದ ಫೆಬ್ರವರಿ 1ರಿಂದ.

ನಡುವೆ 1999ರ ಏಪ್ರಿಲ್ 29ರಂದು, ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೆಹಲಿ ವಲಯದಲ್ಲಿ ಅದೇ ಜೂನ್ 1ರಿಂದ ಯೂರೋ ಒಂದು, 2000ದ ಏಪ್ರಿಲ್ 1ರಿಂದ ಯೂರೋ ಎರಡು ಮಾನದಂಡ ಪಾಲಿಸದ ಖಾಸಗಿ ಕಾರುಗಳ ನೋಂದಣಿ ಬೇಡ ಎಂದಿತು. ಕಾರ್ಬ್ಯುರೇಟರಿನ ಗಂಟೆ ಬಾರಿಸಿದ್ದು ಆಗಲೇ. 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೋ, ಡೇವೂ ಮಟೀಜ್ ಹುಟ್ಟುತ್ತಲೇ ಎಂಪಿಎಫ್‌ಐ ಆಗಿದ್ದವು, ಅಂದರೆ ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್. ಮಾರುತಿಯೂ ಒಂದೊಂದಾಗಿ ಬದಲಾಯಿತು. ಆಗ ಕಾರಿನ ಹಿಂಬದಿಯಲ್ಲಿ "ಎಂಪಿಎಫ್‌ಐ" ಎಂಬ ಅಕ್ಷರಗಳನ್ನು ಹೆಮ್ಮೆಯಿಂದ ಅಂಟಿಸಿಕೊಳ್ಳುತ್ತಿದ್ದದ್ದು ನಿಮಗೂ ನೆನಪಿರಬಹುದು.

ಗುಜರಾತಿಗೂ ಇದರಲ್ಲಿ ಪಾಲಿದೆ. ವಡೋದರಾದಿಂದ ಪಾವಾಗಢದ ದಾರಿಯಲ್ಲಿರುವ ಹಾಲೋಲ್‌ನಲ್ಲಿ ಜನರಲ್ ಮೋಟರ್ಸ್ 1996ರಲ್ಲಿ ಓಪೆಲ್ ಆಸ್ಟ್ರಾ ತಯಾರಿಸತೊಡಗಿತು. ಆಮೇಲೆ ಕೋರ್ಸಾ, ಟವೇರಾ. 2017ರಲ್ಲಿ ಆ ಕಾರ್ಖಾನೆ ಮುಚ್ಚಿ ಎಂಜಿ ಮೋಟರ್‌ಗೆ ಹೋಯಿತು, ಜನರಲ್ ಮೋಟರ್ಸ್ ಆ ವರ್ಷದ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಸಾಣಂದ್‌ನಲ್ಲಿ ಫೋರ್ಡ್ ಕಾರ್ಖಾನೆ 2015ರಲ್ಲಿ ಶುರುವಾಗಿ, 2021ರಲ್ಲಿ ಕಂಪನಿ ಇಲ್ಲಿ ಕಾರು ತಯಾರಿಕೆ ಬಿಡುವುದಾಗಿ ಹೇಳಿ, 2023ರಲ್ಲಿ ಟಾಟಾ ಪಾಲಾಯಿತು. ತವರುಮನೆ ಇಲ್ಲದ ಕಾರುಗಳು ನಮ್ಮ ಸುತ್ತ ಎಷ್ಟಿವೆ ನೋಡಿ! ಆದರೆ ಗಾಬರಿ ಬೇಡ. ಕಾರು ಕಂಪನಿಗಳು ಸೆನ್ಸರುಗಳನ್ನು ಬಹುಮಟ್ಟಿಗೆ ತಾವೇ ಮಾಡುವುದಿಲ್ಲ. ಬಾಷ್, ಡೆನ್ಸೊ, ಡೆಲ್ಫಿ ಮುಂತಾದವರಿಂದ ಕೊಳ್ಳುತ್ತವೆ. ಹಳೆಯ ಸೆನ್ಸರಿನ ಮೈಮೇಲೆ ಕೊರೆದಿರುವ ಸಂಖ್ಯೆ ಬರೆದುಕೊಂಡು ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಸಲ ಕಾರಿನ ಹೆಸರೇ ಬೇಕಾಗುವುದಿಲ್ಲ.

ಒಂದೇ ಹೆದ್ದಾರಿ, ಎರಡು ಪೆಟ್ರೋಲು

ಈಗ ನಮ್ಮ ಮೂರು ಊರುಗಳ ಸ್ವಾರಸ್ಯ. ಮಾಶೇಲ್ಕರ್ ಸಮಿತಿಯ ಶಿಫಾರಸಿನಂತೆ 2005ರ ಏಪ್ರಿಲಿನಿಂದ ದೇಶಕ್ಕೆಲ್ಲ ಭಾರತ್ ಸ್ಟೇಜ್ ಎರಡು ಬಂದರೆ, ಹನ್ನೊಂದು ನಗರಗಳಿಗೆ ಸ್ಟೇಜ್ ಮೂರು. ಆ ಪಟ್ಟಿಯಲ್ಲಿ ಬೆಂಗಳೂರು ಇತ್ತು, ಅಹಮದಾಬಾದ್ ಇತ್ತು, ಸೂರತ್ ಇತ್ತು. ನಡುವಿನ ವಡೋದರಾ ಇರಲಿಲ್ಲ! 2010ರ ಏಪ್ರಿಲಿನಲ್ಲಿ ದೇಶವಿಡೀ ಸ್ಟೇಜ್ ಮೂರು ಎಂದು ತೀರ್ಮಾನವಾದಾಗ ಹದಿಮೂರು ನಗರಗಳಿಗೆ ಸ್ಟೇಜ್ ನಾಲ್ಕು. ಆಗಲೂ ಅಹಮದಾಬಾದ್, ಸೂರತ್ ಒಳಗೆ, ವಡೋದರಾ ಹೊರಗೆ. ಸ್ಟೇಜ್ ಮೂರರ ಪೆಟ್ರೋಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 150 ಭಾಗ, ಸ್ಟೇಜ್ ನಾಲ್ಕರಲ್ಲಿ 50. 1960ರ ದಶಕದಿಂದ ಕೋಯಲಿಯ ತೈಲ ಶುದ್ಧೀಕರಣ ಕಾರ್ಖಾನೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ಊರು ಶುದ್ಧತೆಯ ಪಟ್ಟಿಯಿಂದ ಹೊರಗುಳಿದಿತ್ತು. ಅದೇ ಏಪ್ರಿಲಿನಲ್ಲಿ ಆ ಹದಿಮೂರು ನಗರಗಳಲ್ಲಿ ಮಾರುತಿ 800 ಮಾರಾಟ ನಿಂತಿತು, ಬೇರೆಡೆ ಇನ್ನೂ ಕೆಲವು ವರ್ಷ ಓಡಿತು. ಇಡೀ ದೇಶ ಸ್ಟೇಜ್ ನಾಲ್ಕಕ್ಕೆ ಬಂದದ್ದು 2017ರ ಏಪ್ರಿಲಿನಲ್ಲಿ, ಸ್ಟೇಜ್ ಆರಕ್ಕೆ 2020ರ ಏಪ್ರಿಲಿನಲ್ಲಿ.

ಹಳೆಯ ಕಾರು ಇಟ್ಟುಕೊಂಡವರಿಗೆ ಇದರಿಂದ ಏನಾಗಬೇಕು ಅಂತೀರಾ? ಬಹಳ ಇದೆ. ಸ್ಟೇಜ್ ನಾಲ್ಕರ ಜೊತೆಗೆ ಒಬಿಡಿ ಬಂತು, ಅಂದರೆ ಕಾರು ತನ್ನ ರೋಗವನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ. 2010ರಿಂದ ಮೊದಲ ಹಂತ, 2013ರಿಂದ ಎರಡನೆಯದು. ಅಮೆರಿಕದಲ್ಲಿ 1996ರಿಂದಲೇ ಇತ್ತು. ಆದ್ದರಿಂದ ನಿಮ್ಮ ಕಾರು 2013ರ ನಂತರದ್ದಾದರೆ ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಓದಬಹುದು. 2010ಕ್ಕಿಂತ ಹಿಂದಿನದಾದರೆ ಸಾಕೆಟ್ಟು ಅದೇ ಇದ್ದರೂ ಭಾಷೆ ಬೇರೆ ಇರಬಹುದು, ಸ್ಕ್ಯಾನರ್ ಬಾಯಿ ಬಿಡದಿರಬಹುದು. ಆಗ ಆ ಕಂಪನಿಯ ಕಾರುಗಳನ್ನು ಓದಬಲ್ಲ ದೊಡ್ಡ ಯಂತ್ರ ಇರುವ ಗ್ಯಾರೇಜೇ ಗತಿ. ಇನ್ನೂ ಹಳೆಯ ಸುಜುಕಿ ಎಂಜಿನ್ನುಗಳಲ್ಲಿ ಪರೀಕ್ಷೆಯ ಪಿನ್ನೊಂದನ್ನು ತಂತಿಯಿಂದ ಅರ್ಥಿಂಗ್‌ಗೆ ಜೋಡಿಸಿದರೆ ಹಳದಿ ದೀಪವೇ ಮಿನುಗಿ ಸಂಖ್ಯೆ ಹೇಳುತ್ತದೆ. ಒಮ್ಮೆ ಮಿನುಗಿ, ತಡೆದು, ಎರಡು ಸಲ ಮಿನುಗಿದರೆ 12, ಅಂದರೆ ಎಲ್ಲ ಸರಿ. ಯಾವ ಪಿನ್ನು ಅನ್ನುವುದನ್ನು ಮಾತ್ರ ಆ ಕಾರಿನ ಪುಸ್ತಕ ನೋಡಿಯೇ ಮುಟ್ಟಬೇಕು.

ಕೋಡ್ ಎಂದರೆ ತೀರ್ಪಲ್ಲ

ಸ್ಕ್ಯಾನರ್ "ಪಿ 0171" ಅನ್ನುತ್ತದೆ. ಅರ್ಥ ಇಷ್ಟೇ: ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಇದನ್ನು ವರದಿ ಮಾಡಿದವನು ಆಮ್ಲಜನಕದ ಸೆನ್ಸರ್. ಕೂಡಲೇ ಅವನನ್ನೇ ಕಿತ್ತು ಬೇರೆಯವನನ್ನು ಕೂರಿಸುವುದು ನಮ್ಮ ಗ್ಯಾರೇಜುಗಳ ಪದ್ಧತಿ. ಬ್ಯಾಂಕಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸ ಎಷ್ಟು ಎಂದು ಗೊತ್ತಾಗುತ್ತದೆ, ಯಾವ ವೋಚರಿನಲ್ಲಿ ತಪ್ಪು ಎಂದು ಗೊತ್ತಾಗುವುದಿಲ್ಲ. ವ್ಯತ್ಯಾಸ ತೋರಿಸಿದ ಗುಮಾಸ್ತನನ್ನು ವರ್ಗ ಮಾಡಿದರೆ ಲೆಕ್ಕ ಸರಿಹೋಗುತ್ತದೆಯೇ? ಬಿರಿದ ರಬ್ಬರ್ ಪೈಪಿನಿಂದ ಗಾಳಿ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಇಂಜೆಕ್ಟರಿನಲ್ಲಿ ಕೊಳೆ ಕಟ್ಟಿರಬಹುದು, ಸೈಲೆನ್ಸರ್ ಪೈಪು ಸೆನ್ಸರಿಗಿಂತ ಮುಂಚೆಯೇ ಸೀಳಿರಬಹುದು. ಇವೆಲ್ಲ ನೋಡಿದ ಮೇಲೆ ಸೆನ್ಸರಿನ ಸರದಿ.

ಇನ್ನೊಂದು ಹೋಲಿಕೆಯೂ ಇದೆ. ಒಂದು ಸೆನ್ಸರ್ ಪೂರ್ತಿ ಕೈಕೊಟ್ಟರೆ ಕಾರಿನ ಕಂಪ್ಯೂಟರ್ ನಿಲ್ಲುವುದಿಲ್ಲ. ಅದರ ಜಾಗದಲ್ಲಿ ಅಂದಾಜಿನ ಅಂಕಿ ಹಾಕಿಕೊಂಡು ಮುಂದುವರಿಯುತ್ತದೆ. ನಮ್ಮ ಸಸ್ಪೆನ್ಸ್ ಖಾತೆ ಇದ್ದ ಹಾಗೆ. ಸಂಜೆಗೆ ಬ್ರಾಂಚು ಮುಚ್ಚಲು ಅದು ಬೇಕು, ನಿಜ. ಆದರೆ ವರ್ಷಗಟ್ಟಲೆ ಸಸ್ಪೆನ್ಸಿನಲ್ಲೇ ಬಿಟ್ಟರೆ ಒಂದು ದಿನ ದೊಡ್ಡ ಗಂಡಾಂತರ. "ಗಾಡಿ ಓಡ್ತಾ ಇದೆಯಲ್ಲ, ದೀಪ ಉರಿದರೆ ಉರಿಯಲಿ" ಎನ್ನುವವರು ಇದನ್ನು ನೆನಪಿಡಬೇಕು. ಪೆಟ್ರೋಲು ಹೆಚ್ಚು ಕುಡಿಯುತ್ತಾ ಹೋಗಿ ಕೊನೆಗೆ ಕನ್ವರ್ಟರ್ ಸುಟ್ಟರೆ, ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ಕೋಡ್ ಓದಿದ ಕೂಡಲೇ ಅಳಿಸಲು ಬಿಡಬೇಡಿ. ಬರೆದಿಟ್ಟುಕೊಳ್ಳಿ. ದೀಪ ಹತ್ತಿದ ಕ್ಷಣದಲ್ಲಿ ಎಂಜಿನ್ ಬಿಸಿ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬುದನ್ನೂ ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಬ್ಯಾಟರಿ ತಂತಿ ಕಿತ್ತರೆ ಹಲವು ಕಾರುಗಳಲ್ಲಿ ಆ ಸಾಕ್ಷ್ಯವೆಲ್ಲ ಹೋಯಿತು.

ಒಬ್ಬೊಬ್ಬರನ್ನಾಗಿ ವಿಚಾರಿಸುವುದು

ಕೂಲೆಂಟ್ ಸೆನ್ಸರ್: ಇದು ಕೆಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕಪ್ಪು ಹೊಗೆ ಬರುತ್ತದೆ, ಇಲ್ಲವೇ ಫ್ಯಾನು ಸದಾ ತಿರುಗುತ್ತದೆ. ಪರೀಕ್ಷೆ ಬಹಳ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಸ್ಕ್ಯಾನರ್ ನೋಡಿ. ನೀರಿನ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಸೂರತ್‌ನ ಸೆಕೆಯಲ್ಲಿ ಅದು ಮೈನಸ್ 40 ಡಿಗ್ರಿ ತೋರಿಸಿದರೆ ತಂತಿ ಎಲ್ಲೋ ತುಂಡಾಗಿದೆ ಎಂದರ್ಥ. ಸೆನ್ಸರಿನ ಪ್ಲಗ್ ತೆಗೆದು, ಆ ಪ್ಲಗ್ಗಿನ ಎರಡು ಪಿನ್ನುಗಳನ್ನು ತಂತಿಯಿಂದ ಕೂಡಿಸಿದಾಗ ಅಂಕಿ ನೂರಕ್ಕೂ ಮೇಲೆ ಜಿಗಿದರೆ ತಂತಿ, ಕಂಪ್ಯೂಟರ್ ಎರಡೂ ಸರಿ, ಕೆಟ್ಟಿದ್ದು ಸೆನ್ಸರೇ. ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು-ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಆಮೇಲೆ ಕೂಲೆಂಟ್ ತುಂಬಿ ಒಳಗೆ ಸಿಕ್ಕಿದ ಗಾಳಿ ಹೊರಹಾಕಬೇಕು. 2016ರ ಮೇ 20ರಂದು ಅಹಮದಾಬಾದ್‌ನಲ್ಲಿ 48 ಡಿಗ್ರಿ ದಾಖಲಾಯಿತು. ಇಂಥ ಊರಿನಲ್ಲಿ ಫ್ಯಾನಿಗೆ ಸರಿಯಾದ ಸುದ್ದಿ ಮುಟ್ಟದಿದ್ದರೆ ಎಂಜಿನ್ ಕಥೆ ಮುಗಿದಂತೆಯೇ.

ಕ್ರ್ಯಾಂಕ್ ಸೆನ್ಸರ್: ಓಡುತ್ತಾ ಬಿಸಿಯಾದಾಗ ಕಾರು ಫಕ್ಕನೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದವನಂತೆ ಸ್ಟಾರ್ಟ್ ಆದರೆ ಇದರ ಮೇಲೆ ಅನುಮಾನ. ಪಿ 0335 ಕೋಡ್ ಇದರದು. ಬಿಸಿಯಲ್ಲಿ ಒಳಗಿನ ಸುರುಳಿ ಬಿಟ್ಟುಕೊಳ್ಳುತ್ತದೆ, ತಣಿದರೆ ಕೂಡಿಕೊಳ್ಳುತ್ತದೆ. ಅದಕ್ಕೇ ಗ್ಯಾರೇಜು ಮುಟ್ಟುವಷ್ಟರಲ್ಲಿ ರೋಗ ಮಾಯ! ನಿಂತ ಜಾಗದಲ್ಲೇ ಸ್ಟಾರ್ಟರ್ ತಿರುಗಿಸುವಾಗ ಎಂಜಿನ್ ಸುತ್ತಿನ ಅಂಕಿ ಸ್ಕ್ಯಾನರಿನಲ್ಲಿ ಸೊನ್ನೆಯೇ ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಅದೇ ಸಾಕ್ಷಿ. ಎಕ್ಸ್‌ಪ್ರೆಸ್ ದಾರಿಯಲ್ಲಿ ಕೈಕೊಟ್ಟರೆ ಜೀವಕ್ಕೇ ಅಪಾಯ, ಆದ್ದರಿಂದ ಇದನ್ನು ಮುಂದೂಡಬಾರದು.

ಆಮ್ಲಜನಕದ ಸೆನ್ಸರ್: ಜಿರ್ಕೋನಿಯಾ ಜಾತಿಯದು ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟಿನ ನಡುವೆ ಸದಾ ತೂಗಾಡುತ್ತಿರಬೇಕು. ಒಂದೇ ಕಡೆ ಅಂಟಿಕೊಂಡರೆ ಅಥವಾ ಸೋಮಾರಿಯಂತೆ ನಿಧಾನವಾಗಿ ತೂಗಿದರೆ ವಯಸ್ಸಾಗಿದೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ, ತಂತಿ ಹಾಯಲು ಸೀಳಿರುವ 22 ಮಿಲಿಮೀಟರ್ ಸಾಕೆಟ್ಟಿನಿಂದ ಬಿಚ್ಚಬೇಕು. ಸಿಕ್ಕಿಬೀಳದಂತೆ ಹಚ್ಚುವ ಗ್ರೀಸು ಮರೆಗೆ ಮಾತ್ರ, ಮೂತಿಗೆ ತಾಗಬಾರದು.

ಮ್ಯಾಪ್ ಸೆನ್ಸರ್: ಇದರ ಪರೀಕ್ಷೆಗೆ ನಮಗೆ ಊರಿನ ದಾರಿಯೇ ಸಾಕು. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇದ್ದಾಗ ಇದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಿಂದ ಸುಮಾರು ಐವತ್ತು ಮೀಟರ್ ಎತ್ತರದ ಅಹಮದಾಬಾದ್‌ನಲ್ಲಿ 100 ಕಿಲೊಪಾಸ್ಕಲ್ ಆಸುಪಾಸು, ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಹೆದ್ದಾರಿ 48 ಹಿಡಿದು ಸೂರತ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ ದಾಟಿ ಊರಿಗೆ ಹೋಗುವಾಗ ಈ ಅಂಕಿ ಇಳಿಯುತ್ತಾ ಹೋಗುವುದನ್ನು ನೋಡಬಹುದು. ಕಾರ್ಬ್ಯುರೇಟರಿಗೆ ಈ ಏರಿಳಿತ ಗೊತ್ತಾಗುತ್ತಿರಲಿಲ್ಲ. ಘಟ್ಟ ಹತ್ತಿದಂತೆ ಗಾಳಿ ತೆಳುವಾಗಿ, ಪೆಟ್ರೋಲು ಹೆಚ್ಚಾಗಿ ಗಾಡಿ ಏದುಸಿರು ಬಿಡುತ್ತಿತ್ತು.

ಥ್ರಾಟಲ್ ಸೆನ್ಸರ್: ಕೇಬಲ್ ಇರುವ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ತನಕ ಒಂದೇ ಸಮನೆ ಏರಬೇಕು. ಹಳೆ ರೇಡಿಯೋದ ವಾಲ್ಯೂಮ್ ಗುಬ್ಬಿಯಂತೆ ಇದು ಸವೆಯುತ್ತದೆ. ನಡುವೆ ಅಂಕಿ ಫಕ್ಕನೆ ಬಿದ್ದರೆ ಸವೆದ ಜಾಗ ಅಲ್ಲೇ. ಮುಳ್ಳಿನ ಮೀಟರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಒಟ್ಟಿಗೆ ನಾಲ್ಕೈದು ಕೋಡ್ ಬಂದರೆ ನಾಲ್ಕೈದು ಸೆನ್ಸರ್ ಹೋಗಿವೆ ಅಂತಲ್ಲ. ಹಲವು ಸೆನ್ಸರುಗಳಿಗೆ ಐದು ವೋಲ್ಟಿನ ಒಂದೇ ಸಾಲು, ಒಂದೇ ಅರ್ಥಿಂಗ್. ಒಂದು ಶಾರ್ಟ್ ಆದರೆ ಎಲ್ಲವೂ ಅಳುತ್ತವೆ. ಒಂದೊಂದೇ ಪ್ಲಗ್ ಬಿಚ್ಚುತ್ತಾ ಬಂದು, ಯಾವುದನ್ನು ಬಿಚ್ಚಿದಾಗ ಉಳಿದವು ಸುಮ್ಮನಾದವೋ ಅದೇ ಕಳ್ಳ. ಬಹಳ ಸಲ ಕಳ್ಳ ಸೆನ್ಸರೂ ಅಲ್ಲ, ಎಂಜಿನ್ನಿನ ಮೈಗೆ ಬಿಗಿದ ಅರ್ಥಿಂಗ್ ತಂತಿಯ ತುಕ್ಕು.

ನೆರೆ ನೀರು ಕಂಡ ಕಾರುಗಳು

ತುಕ್ಕು ಅಂದ ಮೇಲೆ ಸೂರತ್ ನೆನಪಾಗಲೇಬೇಕು. 2006ರ ಆಗಸ್ಟ್ 7ರಿಂದ ಉಕಾಯಿ ಜಲಾಶಯದ ನೀರು ತಾಪಿಯಲ್ಲಿ ನುಗ್ಗಿ ನಗರದ ಬಹುಭಾಗ ದಿನಗಟ್ಟಲೆ ಮುಳುಗಿತು. ವಡೋದರಾದಲ್ಲಿ 2019ರ ಜುಲೈ 31ರಂದು ಒಂದೇ ದಿನ 400 ಮಿಲಿಮೀಟರಿಗೂ ಹೆಚ್ಚು ಮಳೆ, ಬೀದಿಗೆ ಮೊಸಳೆ ಬಂದವು. 2024ರ ಆಗಸ್ಟ್ ಕೊನೆಗೆ ವಿಶ್ವಾಮಿತ್ರಿ ಮತ್ತೆ ಉಕ್ಕಿತು. ಪ್ರತಿ ಸಲವೂ ಕಾರುಗಳು ಬಾನೆಟ್ ತನಕ ಮುಳುಗಿದವು.

ಕಾರ್ಬ್ಯುರೇಟರ್ ಕಾರಾದರೆ ಎಣ್ಣೆ ಬದಲಿಸಿ, ಪ್ಲಗ್ ಒಣಗಿಸಿ ಓಡಿಸುತ್ತಿದ್ದರು. ಸೆನ್ಸರ್ ಕಾರಿನ ಸಂಕಟ ಬೇರೆ. ನೀರು ಇಳಿದ ಕೂಡಲೇ ಅಲ್ಲ, ಆರು ತಿಂಗಳ ಮೇಲೆ ಶುರು. ಪ್ಲಗ್ಗಿನ ತಾಮ್ರದ ಮೇಲೆ ಹಸಿರು ಪುಡಿ ಕಟ್ಟಿ, ಇವತ್ತು ಒಂದು ಕೋಡ್, ನಾಳೆ ಇನ್ನೊಂದು. ಇಲ್ಲಿ ಸೆನ್ಸರ್ ಮೇಲೆ ಸೆನ್ಸರ್ ಬದಲಿಸಿದವರಿಗೆ ಹಣ ಹೋದದ್ದೇ ಬಂತು. ಪ್ಲಗ್ಗುಗಳನ್ನು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಅರ್ಥಿಂಗ್ ಉಜ್ಜಿದರೆ ಎಷ್ಟೋ ಕಾರು ಬದುಕುತ್ತವೆ. (ಈ ಸ್ಪ್ರೇ ಆಮ್ಲಜನಕದ ಸೆನ್ಸರಿಗೆ ಮಾತ್ರ ಬೇಡ.) ನೀರು ನುಗ್ಗಿದ ಕಾರಿನ ಕೀ ಯಾವ ಕಾರಣಕ್ಕೂ ತಿರುಗಿಸಬಾರದು. ಸುರಕ್ಷಿತವಾಗಿ ಕೈಗೆಟುಕಿದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಕೀ ತಿರುಗಿಸಿದಾಗ ಹಳದಿ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಲೇಬೇಕು. ಹತ್ತದೇ ಇದ್ದರೆ ರೋಗ ಇಲ್ಲ ಅಂತಲ್ಲ, ಬಲ್ಬು ಕಿತ್ತಿದ್ದಾರೆ ಅಂತ!

ಸುಳ್ಳು ಹೇಳುವ ಡಬ್ಬಿ

ಗುಜರಾತು ಸಿಎನ್‌ಜಿಯ ನಾಡು. 2000ದ ದಶಕದ ಮಧ್ಯದಲ್ಲಿ ಅಹಮದಾಬಾದ್‌ನ ರಿಕ್ಷಾಗಳು ಅದಕ್ಕೆ ಬದಲಾದವು, ಖಾಸಗಿ ಕಾರುಗಳೂ ಕಿಟ್ ಹಾಕಿಸಿಕೊಂಡವು. ಹಳೆಯ ಬಗೆಯ ಕಿಟ್ಟುಗಳ ಜೊತೆ ಎಮ್ಯುಲೇಟರ್ ಎಂಬ ಪುಟ್ಟ ಡಬ್ಬಿ ಬರುತ್ತಿತ್ತು. ಕಾರು ಗ್ಯಾಸಿನಲ್ಲಿ ಓಡುವಾಗ ಆಮ್ಲಜನಕದ ಸೆನ್ಸರಿನ ಬದಲು ಈ ಡಬ್ಬಿ ಕಂಪ್ಯೂಟರಿಗೆ "ಎಲ್ಲ ಕ್ಷೇಮ" ಎಂದು ಕೃತಕ ವರದಿ ಕಳಿಸುತ್ತಿರುತ್ತದೆ. ಅದರ ಉದ್ದೇಶ ದೀಪ ಹತ್ತದಿರಲಿ ಎನ್ನುವುದು. ಆದರೆ ಡಬ್ಬಿ ಹಾಳಾದರೆ, ಅಥವಾ ಕಿಟ್ ತೆಗೆದಾಗ ತಂತಿ ಅರ್ಧಂಬರ್ಧ ಉಳಿದರೆ, ಪೆಟ್ರೋಲಿನಲ್ಲೂ ಸುಳ್ಳು ಮುಂದುವರಿಯುತ್ತದೆ. ನಿಮ್ಮ ಕಾರಿಗೆ ಕಿಟ್ ಇದ್ದರೆ ಅಥವಾ ಹಿಂದೆ ಇತ್ತು ಎಂದಾದರೆ ಮೊದಲು ಆ ತಂತಿಗಳನ್ನು ನೋಡಲು ಹೇಳಿ. ಹೊಸ ಸೆನ್ಸರಿನ ಮಾತು ಆಮೇಲೆ.

ಹಳೆಯ ಕಾರಿನ ಹಕ್ಕು, ಹಳೆಯ ಕಾರಿನ ಹೊಣೆ

2021ರಲ್ಲಿ ಹಳೆ ವಾಹನಗಳ ಗುಜರಿ ನೀತಿ ಬಂತು. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಹಳೆಯ ಕಾರು ಎಂದರೆ ಹೊಗೆ ಎಂಬ ಭಾವನೆ ಅದರ ಹಿಂದಿದೆ. ಹೊಗೆ ತಪಾಸಣೆಯಲ್ಲಿ ಕಾರ್ಬ್ಯುರೇಟರ್ ಕಾಲದ ಕಾರಿಗೆ ಕಾರ್ಬನ್ ಮೊನಾಕ್ಸೈಡು ಶೇ. 3ರ ತನಕ ಮಾಫಿ, ಸ್ಟೇಜ್ ನಾಲ್ಕರ ಪೆಟ್ರೋಲ್ ಕಾರಿಗೆ ಶೇ. 0.3 ಮಾತ್ರ. ಹತ್ತು ಪಟ್ಟು ವ್ಯತ್ಯಾಸ! ಈ ಹತ್ತು ಪಟ್ಟನ್ನು ಗೆದ್ದುಕೊಟ್ಟಿದ್ದು ಬಹುಮಟ್ಟಿಗೆ ಆ ಕೊಳವೆಯಲ್ಲಿ ಕೂತ ಗುಮಾಸ್ತ ಮತ್ತು ಅವನ ಹಿಂದಿನ ಕನ್ವರ್ಟರ್. ಗುಮಾಸ್ತ ಸತ್ತರೆ, ಅಥವಾ ಅವನ ಬಾಯಿಗೆ ಡಬ್ಬಿ ಕಟ್ಟಿದರೆ, 2012ರ ಕಾರು ಸದ್ದಿಲ್ಲದೆ 1992ರ ಕಾರಾಗುತ್ತದೆ.

ನಾವು ಬೇರೆ ಊರಿಂದ ಬಂದು ಇಲ್ಲಿನ ಗಾಳಿ ಉಸಿರಾಡುತ್ತಾ ಮೂರು ದಶಕ ಕಳೆದವರು. ಮಕ್ಕಳು ಇಲ್ಲೇ ಬೆಳೆದರು. ಹಳೆಯ ಕಾರು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಹೊಸದನ್ನು ತಯಾರಿಸಲು ಸುಡುವ ಕಬ್ಬಿಣ, ಕಲ್ಲಿದ್ದಲೂ ಉಳಿಯುತ್ತದೆ. ಆದರೆ ಅದರ ಸೆನ್ಸರುಗಳು ನಿಜ ಹೇಳುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಆದ್ದರಿಂದ ಮುಂದಿನ ಸಲ ದೀಪ ಹತ್ತಿದಾಗ ಮಿಸ್ತ್ರಿಗೆ ಜಗಳದ ದನಿಯಲ್ಲಿ ಅಲ್ಲ, ವಿಶ್ವಾಸದಿಂದಲೇ ಮೂರು ಪ್ರಶ್ನೆ ಕೇಳಿ: ಕೋಡ್ ಏನು ಬಂತು? ತಂತಿ, ಪೈಪು, ಅರ್ಥಿಂಗ್ ನೋಡಿದೆಯಾ? ಬಿಚ್ಚಿದ ಹಳೇ ಸೆನ್ಸರ್ ಕೊಡುತ್ತೀಯಾ? ಮೂರಕ್ಕೂ ಸರಿಯಾಗಿ ಉತ್ತರ ಕೊಡುವ ಮಿಸ್ತ್ರಿ ಸಿಕ್ಕರೆ ಅವನನ್ನು ಬಿಡಬೇಡಿ. ಹಾಗೆಯೇ ಅವನ ದುಡಿಮೆಗೆ ಚೌಕಾಸಿ ಮಾಡಬೇಡಿ. ಹತ್ತು ನಿಮಿಷದಲ್ಲಿ ಸೆನ್ಸರ್ ತಿರುಪುವುದು ಯಾರಿಗಾದರೂ ಬರುತ್ತದೆ, ಒಂದು ಗಂಟೆ ಹುಡುಕಿ "ಸೆನ್ಸರ್ ಸರಿಯಿದೆ ಸಾಹೇಬ್, ಪೈಪು ಬಿರಿದಿದೆ" ಎನ್ನಲು ಬಲ್ಲವರು ಕಡಿಮೆ. ಅವನಿಗೆ ಕೊಡುವ ಕೂಲಿ ಆ ಒಂದು ಗಂಟೆಯದು.